ಒಂದು ಜೋಳದ ಕಾಳಿನಷ್ಟು ಕೊಸರು

ಸವಣೂರಿನಿಂದ ಶಿಗ್ಗಾವಿಗೆ ನನ್ನ ಕಾರನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋದ ದಿನ ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ್ದೆವು. ಅಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಅದರ ಮೂತಿ ನೋಡಿ, "ಇದು ಯಾವ ಬೆಳಿ ಕೊಯ್ಯೂದ್ರಿ?" ಎಂದು ಕೇಳಿದರು. ಕಾರು ಎಂದೆ. ಅವರು ನಂಬಲಿಲ್ಲ. ಕಾರಾಗಿದ್ದರೆ ಮೇಲೆ ಛಾವಣಿ ಇರಬೇಕಿತ್ತು, ಹಿಂದೆ ಹೆಂಡತಿ ಮಕ್ಕಳು ಕೂರಲು ಜಾಗ ಇರಬೇಕಿತ್ತು. ಇದಕ್ಕೆ ಇದ್ದದ್ದು ಎರಡೇ ಸೀಟು, ಸೊಂಟದವರೆಗೂ ಬಾರದ ಮೈ, ಉದ್ದನೆಯ ಮೂತಿ. ಬಣ್ಣ ಒಂದು ಕಾಲಕ್ಕೆ ಕೆಂಪು. ಈಗ ಮಾಳಿಗೆಯ ಮೇಲೆ ಒಣಹಾಕಿ ಮರೆತ ಮೆಣಸಿನಕಾಯಿಯದು. ಓಟದ ಕಾರು ಎಂದು ಬಿಡಿಸಿ ಹೇಳಿದೆ. "ಎಲ್ಲಿ ಓಡತೈತಿ, ಟ್ರ್ಯಾಕ್ಟರ್ ಎಳ್ಯಾಕತ್ತೈತಲ್ಲ" ಎಂದರು.

ನಾನು ಹಾನಗಲ್ಲಿನಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಈ ಕಾರು ಸವಣೂರಿನ ಡಾಕ್ಟರೊಬ್ಬರದಾಗಿತ್ತು. ಅವರು ತೀರಿಕೊಂಡ ಮೇಲೆ ಮಗಳು ಎಲೆಬಳ್ಳಿ ತೋಟ ನೋಡಿಕೊಳ್ಳುತ್ತಿದ್ದರು, ಕಾರು ಕೊಟ್ಟಿಗೆಯಲ್ಲಿ ನಿಂತಿತ್ತು. ತೋಟದ ಮೋಟಾರು ಸುಟ್ಟಾಗಲೆಲ್ಲ ನಾನು ಹೋಗುತ್ತಿದ್ದೆ. ಹೋದಾಗಲೆಲ್ಲ ಕೊಟ್ಟಿಗೆಗೆ ಹೊಕ್ಕು ಕಾರಿನ ಧೂಳು ಒರೆಸಿ ಬರುತ್ತಿದ್ದೆ. ಒಂದು ದಿನ ಆ ಅಕ್ಕ, "ನೀವು ನಮ್ಮ ಮೋಟಾರಕ್ಕಿಂತ ಇದನ್ನ ಜಾಸ್ತಿ ಒರಸ್ತೀರಿ. ಒಯ್ಯಿರಿ, ಇಲ್ಲಾಂದ್ರ ಗುಜರಿಯವನು ಒಯ್ತಾನ" ಎಂದರು. ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು.

ಶಿಗ್ಗಾವಿಯಲ್ಲಿ ಹೈವೇ ಬದಿಗೆ ಒಬ್ಬ ಉಸ್ತಾದರಿದ್ದಾರೆ. ಎಪ್ಪತ್ತು ದಾಟಿದ ಮೆಕ್ಯಾನಿಕ್, ಲಾರಿ ಇಂಜಿನ್ನುಗಳ ಕೆಳಗೆ ಮಲಗಿಯೇ ಆಯುಷ್ಯ ಕಳೆದವರು. ಡಾಕ್ಟರರ ಕಾಲದಲ್ಲಿ ಈ ಕಾರನ್ನು ನೋಡಿಕೊಂಡವರೂ ಅವರೇ. ಅವರಿಗೆ ತಮ್ಮ ಕಿವಿಯ ಬಗ್ಗೆ ವಿಪರೀತ ಜಂಬ. ಯಾವ ಗಾಡಿ ಬಂದರೂ ಬಾನೆಟ್ ಎತ್ತಿಸುವುದಿಲ್ಲ, ಮೊದಲು ಕಣ್ಣು ಮುಚ್ಚಿ ಕೇಳುತ್ತಾರೆ. ಕಾರು ನೋಡಿದವರೇ ಅದರ ಮೂತಿಯ ಮೇಲೆ ಅಂಗೈ ಊರಿ, "ಬಂದೆಲ್ಲ, ಅದ ಸಾಕು" ಎಂದರು. ನನ್ನನ್ನು ಮಾತಾಡಿಸಿದ್ದು ಆಮೇಲೆ. ಮೂರು ತಿಂಗಳಲ್ಲಿ ಅದನ್ನು ಓಡುವಂತೆ ಮಾಡಿದರು.

ಓಡಿದ ಮೊದಲ ವಾರದಲ್ಲೇ ರೋಗ ಗೊತ್ತಾಯಿತು. ಹಾನಗಲ್ಲಿನಿಂದ ಶಿಗ್ಗಾವಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳುವ ಒಂದು ಉದ್ದನೆಯ ತಿರುವು ಇದೆ. ಅಲ್ಲಿ ಸ್ವಲ್ಪ ಜೋರಾಗಿ ಹೊರಳಿಸಿದರೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೀದಾ ಸೊನ್ನೆಗೆ ಬೀಳುತ್ತಿತ್ತು. ತಿರುವು ಮುಗಿದ ಕೂಡಲೇ ಏನೂ ಆಗಿಲ್ಲ ಎಂಬಂತೆ ಎದ್ದು ನಿಲ್ಲುತ್ತಿತ್ತು. ಎಡ ತಿರುವಿನಲ್ಲಿ ಏನಿಲ್ಲ. ನಾನು ಎಲ್ಲವನ್ನೂ ಅಳೆದು ಬರೆದಿಡುವ ಮನುಷ್ಯ. ತಂತಿಯ ಒಂದು ಸುತ್ತು ಹೆಚ್ಚಾದರೂ ಮೋಟಾರು ಮುನಿಯುತ್ತದೆ, ಹಾಗಾಗಿ ಈ ಚಟ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ತಲೆ ಸವರಿ ಹಾಕು ಎಂದು ಹೆಂಡತಿಗೆ ಹೇಳಿ ಬೈಸಿಕೊಂಡಿದ್ದೇನೆ. ಯಾವ ತಿರುವು, ಎಷ್ಟು ವೇಗ, ಮುಳ್ಳು ಎಲ್ಲಿಗೆ ಬಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಉಸ್ತಾದರ ಮುಂದೆ ಹಿಡಿದೆ. ಅವರು ಅದನ್ನು ತೆರೆಯದೆ ಟೂಲ್ ಪೆಟ್ಟಿಗೆಯ ಮೇಲಿಟ್ಟು, "ಬಲಕ್ಕ ಹೊಳ್ಳಿದಾಗ ಉಪವಾಸ ಬೀಳತೈತಿ" ಎಂದರು.

ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಗಡಿನ ತೊಟ್ಟಿಗೆ ಮೆಕ್ಯಾನಿಕರು ಚೇಂಬರ್ ಎನ್ನುತ್ತಾರೆ. ಅದರೊಳಗೆ ಇಳಿಬಿಟ್ಟ ಒಂದು ಕೊಳವೆ ಎಣ್ಣೆ ಹೀರಿ ಮೇಲಕ್ಕೆ ಕಳಿಸುತ್ತದೆ. ಕಾರು ಬಲಕ್ಕೆ ಹೊರಳಿದರೆ ಎಣ್ಣೆಯೆಲ್ಲ ಎಡಗೋಡೆಗೆ ಹೋಗಿ ಏರುತ್ತದೆ. ಕೊಳವೆಯ ಬಾಯಿಗೆ ಬರೀ ಗಾಳಿ. ಉಸ್ತಾದರು ಇಷ್ಟು ಹೇಳುವುದರೊಳಗೆ ನನಗೆ ಅರ್ಥವಾಗಿತ್ತು. ಬಾವಿಯಲ್ಲಿ ನೀರು ಫುಟ್‌ವಾಲ್ವಿಗಿಂತ ಕೆಳಗೆ ಇಳಿದರೆ ಪಂಪು ಗಾಳಿ ಎಳೆಯುವುದನ್ನು ನಾನು ದಿನಾ ನೋಡುತ್ತೇನೆ. ಪಂಪು ಗಾಳಿ ಎಳೆದರೆ ರೈತ ಫೋನ್ ಮಾಡುತ್ತಾನೆ. ಇಂಜಿನ್ ಗಾಳಿ ಎಳೆದರೆ ಒಳಗಿನ ಬೇರಿಂಗುಗಳು ಒಣಗಿ, ಉಜ್ಜಿ, ಹಿಡಿದುಕೊಂಡು ಬಿಡುತ್ತವೆ.

ಚೇಂಬರ್ ಬಿಚ್ಚಿ ನೋಡಿದಾಗ ಬೇರಿಂಗುಗಳು ಅರ್ಧ ಸವೆದಿದ್ದವು. ಉಸ್ತಾದರು ಒಳಗೆ ಹೋಗಿ ಹಳೇ ಟವೆಲ್ಲಿನ ಗಂಟೊಂದನ್ನು ತಂದು ಬಿಚ್ಚಿದರು. ಡಾಕ್ಟರರು ಎಂದೋ ತರಿಸಿಟ್ಟಿದ್ದ ಒಂದು ಜೊತೆ ಬೇರಿಂಗು, ಗ್ರೀಸಿನಲ್ಲಿ ಅದ್ದಿ ಸುತ್ತಿಟ್ಟದ್ದು.

"ಇದು ಕಡೀದು ನೋಡ್ರಿ ಅಣ್ಣಾರ," ಎಂದರು. "ಇದಕ್ಕ ಕೂಡೂ ಮಾಲು ಎಲ್ಲೂ ಸಿಗೂದಿಲ್ಲ. ನಾ ಹುಡುಕಿ ಬಿಟ್ಟೇನಿ. ಇನ್ನೊಮ್ಮೆ ಒಣಾ ತಿರುಗಿತಂದ್ರ ಮುಗೀತು, ಮಾಲಿ ಹಾಕಿ ಮೂಲ್ಯಾಗ ಇಡ್ರಿ."

"ನಿಮ್ಮ ಕೂಲಿ?" ಎಂದೆ.

"ಕೂಲಿ ಬ್ಯಾಡ. ಹುಲಗೂರು ದರ್ಗಾಕ್ಕ ಕರ್ಕೊಂಡು ಹೋಗ್ರಿ, ಇದರಾಗ. ಡಾಕ್ಟರ್ ಸಾಹೇಬ್ರು ಬರೀ ಹೇಳಿದ್ರು. ಹೊಂಟಾಗೊಮ್ಮೆ ಯಾರರ ಪೇಷಂಟ್ ಬರ್ತಿದ್ರು. ಈ ಗಾಡಿ ನಾ ಬರೀ ಕೆಳಗಿಂದ ನೋಡೇನಿ. ಒಮ್ಮೆ ಮ್ಯಾಲ ಕುಂತು ನೋಡಬೇಕು."

ಅವರು ಅದನ್ನು ಸಾದಾ ಮಾತಿನಲ್ಲಿ ಹೇಳಿದರು. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಟವೆಲ್ಲನ್ನು ಮಡಚಿದರು, ಮತ್ತೆ ಬಿಚ್ಚಿ ಮಡಚಿದರು. ಆ ದಿನದಿಂದ ನನಗೆ ಈ ಇಂಜಿನ್ನಿನ ಜೀವದ ಚಿಂತೆ ಹತ್ತಿತು. ಕಾರು ನಿಂತುಹೋದರೆ ನನಗೆ ಒಂದು ಹುಚ್ಚು ಕಡಿಮೆಯಾಗುತ್ತಿತ್ತು, ಅಷ್ಟೇ. ಹುಲಗೂರಿಗೆ ಹೋಗುವ ಮೊದಲೇ ನಿಂತುಹೋದರೆ ಈ ಮನುಷ್ಯನಿಗೆ ನಾನು ಏನು ಹೇಳಲಿ?

ಉಪವಾಸಕ್ಕೆ ಉಸ್ತಾದರು ಮಾಡಿದ ಮದ್ದು ಹಾನಗಲ್ಲಿನ ಭತ್ತದ ಗದ್ದೆಯದೇ. ಚೇಂಬರಿನೊಳಗೆ ಕೊಳವೆಯ ಬಾಯಿಯ ಸುತ್ತ ಅಡ್ಡತಗಡು ಕೂಡಿಸಿದರು. "ನೀರು ನಿಲ್ಲಬೇಕಂದ್ರ ನೀವು ಬದು ಹಾಕ್ತೀರಿಲ್ರಿ, ಹಂಗ" ಎಂದರು. ತಗಡಿನ ತಳದಲ್ಲಿ ಪುಟ್ಟ ಕದಗಳು. ಎಣ್ಣೆ ಒಳಗೆ ಬರಲು ತೆರೆಯುತ್ತವೆ, ಹೊರಗೆ ಹೋಗಲು ಬಿಡುವುದಿಲ್ಲ. ಆ ಕದಗಳಿಗೆ ಕೀಲು ಮಾಡಲು ಮೂರು ದಿನ ಹಿಡಿಯಿತು. ಎಲ್ಲ ಕೂಡಿಸಿ, ಎಣ್ಣೆ ತುಂಬಿಸಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಕೊನೆಯ ಮಾತು ಹೇಳಿದರು:

"ಮ್ಯಾಲಿನ ಗೀಟಿನ ತನಕ ತುಂಬಸ್ರಿ. ಅದರ ಮ್ಯಾಲ ಒಂದು ಜ್ವಾಳದ ಕಾಳಿನಷ್ಟು ಕೊಸರು ಇರಲಿ. ಹೊಳ್ಳಿದಾಗ ಕೆಲಸಕ್ಕ ಬರತೈತಿ."

ಕೊಸರು. ಇದನ್ನು ಅವರು ಬೇರೆ ಯಾವ ಹೆಸರಿನಿಂದ ಕರೆದಿದ್ದರೂ ಮುಂದಿನದು ನಡೆಯುತ್ತಿರಲಿಲ್ಲ. ಸಂತೆಯಲ್ಲಿ ಕಾಯಿಪಲ್ಲೆಯವಳು ತೂಕ ಮಾಡಿದ ಮೇಲೆ ಇನ್ನೆರಡು ಬದನೆಕಾಯಿ ಮೇಲೆ ಹಾಕುತ್ತಾಳಲ್ಲ, ಅದು ಕೊಸರು. ತೂಕದಲ್ಲಿ ಮೋಸ ಮಾಡಿದವಳನ್ನು ನಮ್ಮ ಜನ ಕ್ಷಮಿಸಿಯಾರು, ಕೊಸರು ಹಾಕದವಳ ಕಡೆಗೆ ಮತ್ತೆ ಹೋಗುವುದಿಲ್ಲ. ನನ್ನ ಹೆಂಡತಿಯ ತವರು ಹಿರೇಕೆರೂರಿನಲ್ಲಂತೂ ಊಟಕ್ಕೆ ಕೂತವನು ಸಾಕು ಎಂದರೆ ಅದು ಅವರಿಗೆ ಇನ್ನೆರಡು ಎಂದು ಕೇಳಿಸುತ್ತದೆ. ತಾಟಿನ ಮೇಲೆ ಅಡ್ಡ ಹಿಡಿದ ಕೈಯ ಮೇಲೇ ಹೋಳಿಗೆ ಇಟ್ಟು ತುಪ್ಪ ಸುರಿದ ದಾಖಲೆ ನನ್ನ ಅತ್ತೆಯವರದು. ಅಂಥ ಮನೆಯ ಮಗಳು ನನ್ನ ಮನೆಯಲ್ಲಿದ್ದಾಳೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಬೇಕಿತ್ತು.

ಹಿಡಿಯಲಿಲ್ಲ. ಮನೆಗೆ ಬಂದವನೇ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು, ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಎಂಬತ್ತು ವರ್ಷದ ನನ್ನ ಅವ್ವ ಶೇಂಗಾ ಬಿಡಿಸುತ್ತ ಕೂತಿದ್ದಳು. ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದ ಮನೆಯ ಮಾಮಾ, ಎಂದರೆ ನಿವೃತ್ತ ಬಸ್ ಡ್ರೈವರ್, ಕಂಪೌಂಡಿಗೆ ಮೊಣಕೈ ಊರಿ ನಿಂತಿದ್ದ. ತಾಟಿನಲ್ಲಿ ಸಾರು ಹಾಕಿಸಿಕೊಂಡು, ಹೊರಳಿಸಿ, ಸಾರು ಒಂದು ಕಡೆಗೆ ಹೋಗುವುದನ್ನು ತೋರಿಸಿದೆ. ಸಾರು ನನ್ನ ಪಂಚೆಗೆ ಚೆಲ್ಲಿತು. ಆದರೂ ಬಿಡದೆ, ಉಪವಾಸ ಅಂದರೇನು, ಕಡೆಯ ಬೇರಿಂಗು ಅಂದರೇನು, ಕೊಸರು ಅಂದರೇನು ಎಂದು ಎಲ್ಲ ಹೇಳಿದೆ.

"ಅಂದ್ರ ಅದು ಹಸಕೊಂಡು ಓಡತೈತಿ ಅನ್ನು" ಎಂದಳು ಅವ್ವ.

"ಹಂಗ ತಿಳಕೋ."

"ಪಾಪ" ಎಂದಳು. ಆ 'ಪಾಪ' ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹುಲಗೂರಿಗೆ ಹೋಗುವುದು ಬೇಸ್ತವಾರವೇ ಆಗಬೇಕು ಎಂದು ಉಸ್ತಾದರ ಹಟ. ಆ ವಾರ ಅವರ ಮನೆಗೆ ಬೀಗರು ಬರುವವರಿದ್ದರು, ಹಾಗಾಗಿ ಮುಂದಿನ ಬೇಸ್ತವಾರ ಎಂದಾಯಿತು. ನಾನು ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಕಡ್ಡಿ ಒರೆಸಿ, ಅದ್ದಿ, ಗೀಟಿನ ಪಕ್ಕದಲ್ಲಿ ನಿಜವಾಗಿಯೂ ಒಂದು ಜೋಳದ ಕಾಳು ಹಿಡಿದು ಅಳೆದು, ಸರಿಯಾಗಿ ಅಷ್ಟೇ ಎಣ್ಣೆ ಹಾಕಿ, ಮೇಲೆ ತಾಡಪತ್ರಿ ಹೊದಿಸಿ ಬಿಟ್ಟೆ. ಎಂಟು ದಿನ ಕಾರು ಅಂಗಳದ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ನಾನು ದಿನವಿಡೀ ಅಂಗಡಿಯಲ್ಲಿ ಇರುತ್ತಿದ್ದೆ.

ಬೇಸ್ತವಾರ ಬೆಳಿಗ್ಗೆ ಬಿಳಿ ಅಂಗಿ, ಬಿಳಿ ಪಂಚೆ ಹಾಕಿಕೊಂಡು ಹೊರಟೆ. ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬುತ್ತಿ ಕಟ್ಟಿ ಕೊಟ್ಟಳು. ಐದು ಲೀಟರಿನ ನೀರಿನ ಕ್ಯಾನು, ಒಂದು ಸ್ಟೀಲಿನ ಗ್ಲಾಸು. ಆಮೇಲೆ ಕಾರಿನ ಬಾಗಿಲು ಹಿಡಿದುಕೊಂಡು ನಿಂತಳು.

"ಎಣ್ಣಿ ಒಮ್ಮೆ ಅಳದು ನೋಡ್ರಿ."

"ಅಳದೇನಿ."

"ಅದು ಹೋದ ವಾರ. ಈಗೊಮ್ಮೆ ಅಳೀರಿ."

"ನಾ ಒಮ್ಮೆ ಅಳದಿದ್ದನ್ನ ಮತ್ತ ಅಳೂದಿಲ್ಲ. ಅನುಮಾನ ಇದ್ದವರು ಅಳೀತಾರ" ಎಂದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ನನ್ನ ಕಾರು, ಮೋಟಾರು, ಎಣ್ಣೆಯ ವಿಷಯದಲ್ಲಿ ಆಡಿದ ಮೊದಲ ಮಾತು ಅದು. ಆಕೆಗೆ ಇಷ್ಟೊಂದು ಆಸಕ್ತಿ ಯಾಕೆ ಬಂತು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಶಿಗ್ಗಾವಿಯ ತನಕ ಕಾರು ಚೆನ್ನಾಗಿಯೇ ಹೋಯಿತು. ಬಲ ತಿರುವಿನಲ್ಲೂ ಮುಳ್ಳು ಅಲ್ಲಾಡಲಿಲ್ಲ. ನಾನು ಒಬ್ಬನೇ "ಭೇಷ್ ಉಸ್ತಾದ್ರ" ಎಂದೆ. ಒಂದೇ ಒಂದು ತೊಂದರೆ. ಇಂಜಿನ್ ಬಿಸಿಯಾದ ಮೇಲೆ ಯಾವುದೋ ವಾಸನೆ ಬರತೊಡಗಿತು. ಗೊತ್ತಿರುವ ವಾಸನೆ, ಆದರೆ ಎಲ್ಲಿಯದು ಎಂದು ಹೊಳೆಯದು. ಮೂಗಿಗೆ ಬಿದ್ದ ಕೂಡಲೇ ಹೊಟ್ಟೆಯಲ್ಲಿ ಏನೋ ತಿರುವಿದಂತಾಗುತ್ತಿತ್ತು, ಬಯಲಿನ ಕಡೆ ಓಡಬೇಕು ಎನಿಸುತ್ತಿತ್ತು. ಬೆಳಗಿನ ಅವಲಕ್ಕಿ ಹೆಚ್ಚಾಯಿತು ಎಂದುಕೊಂಡೆ.

ಉಸ್ತಾದರು ಹೊಸ ಬಿಳಿ ಜುಬ್ಬಾ, ಟೋಪಿ, ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡು ಶೆಡ್ಡಿನ ಮುಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಸೊಸೆ ನನ್ನನ್ನು ಒಳಗೆ ಕರೆದು ಚಹಾ, ಅದರ ಮೇಲೆ ಶಿರಾ ಕೊಟ್ಟರು. ನಾನು ಅದನ್ನು ಮುಗಿಸಿ ಹೊರಗೆ ಬರುವಾಗ ಉಸ್ತಾದರು ಬಾನೆಟ್ ಮುಚ್ಚುತ್ತಿದ್ದರು. "ನೋಡೇನಿ. ಎಲ್ಲಾ ಬರೋಬ್ಬರಿ ಐತಿ" ಎಂದರು. ಆಮೇಲೆ ಕಾರಿನ ಅಂಚು ಹಿಡಿದು, ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ನಿಂತು, ಹೆಗಲ ಟೂಲ್ ಚೀಲದ ಸಮೇತ ದೊಪ್ಪನೆ ಸೀಟಿನ ಮೇಲೆ ಕೂತರು. ನಲವತ್ತು ವರ್ಷ ಕೆಳಗಿನಿಂದ ನೋಡಿದ್ದ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿದರು. ಅವರ ಮುಖ ನೋಡಿ ನನಗೆ ಎದೆ ತುಂಬಿ ಬಂತು, ಅದಕ್ಕೇ ಜೋರಾಗಿ ಹಾರ್ನ್ ಹೊಡೆದೆ.

ಊರು ದಾಟಿ ನಾಲ್ಕಾರು ಕಿಲೋಮೀಟರು ಹೋಗಿರಬೇಕು. ಎರಡೂ ಕಡೆ ಹತ್ತಿ, ಗೋವಿನಜೋಳದ ಹೊಲಗಳು. ಮುಳ್ಳು ನಡುಗತೊಡಗಿತು. ತಿರುವೇ ಇಲ್ಲ, ಸೀದಾ ರಸ್ತೆ. ನಾನು ಇನ್ನೂ ನೋಡುತ್ತಿದ್ದೆ, ಉಸ್ತಾದರ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು.

"ಬಂದ್ ಮಾಡ್ರಿ. ಈಗಿಂದೀಗ."

ಚಾವಿ ತಿರುವಿದೆ. ಕಾರು ಸದ್ದಿಲ್ಲದೆ ಉರುಳಿ ಒಂದು ಹೊಲದ ದಾರಿಯ ಬಾಯಿಗೆ ಬಂದು ನಿಂತಿತು. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಕಡ್ಡಿ ಎಳೆದೆ. ಗೀಟು ಕಾಣಲೇ ಇಲ್ಲ. ಗೀಟಿನಿಂದ ಎರಡು ಬೆರಳು ಮೇಲಿನ ತನಕ ಎಣ್ಣೆ, ಅದರ ಮೇಲೆ ನೊರೆ, ಮಜ್ಜಿಗೆ ಕಡೆದಾಗ ಬರುವಂಥ ನೊರೆ. ಉಸ್ತಾದರು ನೊರೆಯನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದರು. ಮೂಸಿದರು. ಮತ್ತೊಮ್ಮೆ ಮೂಸಿದರು.

"ಔಡಲೆಣ್ಣಿ" ಎಂದರು.

ಆಗ ನನ್ನ ಹೊಟ್ಟೆಗೆ ಅರ್ಥವಾಯಿತು. ನಾವು ಸಣ್ಣವರಿದ್ದಾಗ ಅವ್ವ ತಿಂಗಳಿಗೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದಳಲ್ಲ, ಭೇದಿಗೆ, ಅದೇ ಹರಳೆಣ್ಣೆಯ ವಾಸನೆ.

"ಇದು ಉಪವಾಸ ಅಲ್ರಿ ಅಣ್ಣಾರ, ಅಜೀರ್ಣ" ಎಂದರು ಉಸ್ತಾದರು. "ಎಣ್ಣಿ ಭಾಳ ಆದ್ರ ಕ್ರ್ಯಾಂಕ್ ಅದರಾಗ ಮುಳುಗಿ ಕಡಗೋಲಿನಂಗ ಕಡೀತೈತಿ. ನೊರಿ ಬರತೈತಿ. ಪಂಪಿಗೆ ನೊರಿ ಹೋತಂದ್ರ ಗಾಳಿ ಹೋದಂಗ. ತುಂಬಿದ ಚೇಂಬರಿನ್ಯಾಗ ಹಸಕೊಂಡು ಸಾಯತೈತಿ. ಫೋನ್ ಹಚ್ಚರಿ ಮನಿಗೆ."

ಹಚ್ಚಿದೆ. ಸಿಟ್ಟು ನನ್ನ ನೆತ್ತಿಗೇರಿತ್ತು. "ಕಾರಿಗೆ ಯಾರರ ಎಣ್ಣಿ ಹಾಕೀರೇನು?" ಎಂದೆ. ಫೋನ್ ಎತ್ತಿದವಳು ಹೆಂಡತಿ.

"ಅದಕ್ಕ ಅಳೀರಿ ಅಂದೆ."

"ಎಷ್ಟು ಹಾಕಿದಿ?"

"ಭಾಳಿಲ್ಲರಿ. ನಿಮ್ಮ ಎಣ್ಣಿ ಡಬ್ಬಿ ತಳದಾಗ ಎರಡು ಗ್ಲಾಸ್ ಉಳದಿತ್ತು. ಚೆಲ್ಲೂದು ಯಾಕ, ಕೊಸರು ಬೇಕಂತಾರಲ್ಲ ಅಂತ ಹಾಕಿದೆ. ಮಾಮಾನೂ ಹಾಕ್ಯಾನ, ನಾ ನೋಡೇನಿ."

ಮಾಮಾ ಅಲ್ಲೇ ಕಂಪೌಂಡಿನಲ್ಲಿ ಇದ್ದ. ಫೋನ್ ಇಸಿದುಕೊಂಡ. "ತಮ್ಮಾ, ನಾ ಮೂವತ್ತು ವರ್ಷ ಬಸ್ ಹೊಡದೇನಿ. ಬಸ್ಸಿಗೆ ಹಾಕೂ ಎಣ್ಣಿ ಮುಂದ ನಿನ್ನ ಡಬ್ಬಿ ಎಣ್ಣಿ ನೀರು. ಎರಡ ಗ್ಲಾಸ್ ಹಾಕೇನಿ. ಅದನ್ನ ಉಪಕಾರ ಅಂತಾರ" ಎಂದ. ಆಮೇಲೆ ಫೋನು ಅವ್ವನ ಕೈಗೆ ಹೋಯಿತು.

"ಯವ್ವಾ, ಔಡಲೆಣ್ಣಿ ಯಾಕ ಹಾಕಿದಿ?"

"ಬಂಡಿ ಕೀಲಿಗೆ ಮತ್ತೇನು ಹಾಕ್ತಿದ್ವಿ? ನಿಮ್ಮಪ್ಪ ಇದನ್ನ ಹಾಕ್ತಿದ್ದ, ಒಂದ ದಿನ ಬಂಡಿ ನಿಂತಿಲ್ಲ."

"ಎಷ್ಟು?"

"ಎರಡು ಗ್ಲಾಸ. ಹಸದಿರತೈತಿ ಅಂದಿ, ಮನಸು ತಡೀಲಿಲ್ಲ."

ನಾನು ಮೂವರನ್ನೂ ಒಟ್ಟಿಗೆ ಬೈದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಎಂಬತ್ತು ವರ್ಷದ ತಾಯಿಗೆ ಹಾಗೆ ಮಾತಾಡಬಾರದಿತ್ತು. ಅಳತೆ ಗೊತ್ತಿಲ್ಲದವರ ಕೈಯಲ್ಲಿ ಸಿಕ್ಕು ಒಂದು ಜೀವ ಹೋಯಿತು ಎಂದೂ ಹೇಳಿದ ನೆನಪಿದೆ.

ಎಣ್ಣೆ ತೆಗೆಯಬೇಕು. ಕೆಳಗಿನ ಬೋಲ್ಟು ಸಡಿಲಿಸಲು ಯಾರಾದರೂ ಕಾರಿನ ಕೆಳಗೆ ಹೋಗಬೇಕು. ಉಸ್ತಾದರು ಆಗಲೇ ಜುಬ್ಬಾದ ತೋಳು ಮಡಚುತ್ತಿದ್ದರು. "ಇವತ್ತು ನೀವು ಮ್ಯಾಲ" ಎಂದೆ. ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ ನನ್ನ ಹೊಟ್ಟೆ ಅದರ ಕೆಳಗೆ ಹೋಗುವ ಮಾತೇ ಇರಲಿಲ್ಲ. ಹೊಲದ ದಾರಿಗೆ ಅಡ್ಡಲಾಗಿ ಒಣಗಿದ ನೀರಿನ ಕಾಲುವೆ ಇತ್ತು. ಹತ್ತಿ ಬಿಡಿಸುತ್ತಿದ್ದ ಇಬ್ಬರನ್ನು ಕರೆದು, ಇಂಜಿನ್ ಸರಿಯಾಗಿ ಕಾಲುವೆಯ ಮೇಲೆ ಬರುವಂತೆ ಕಾರನ್ನು ನೂಕಿಸಿದೆ. ಬಿಳಿ ಪಂಚೆಯಲ್ಲೇ ಕಾಲುವೆಯಲ್ಲಿ ಅಂಗಾತ ಮಲಗಿ ಒಳಗೆ ಸರಿದೆ. ಮೊದಲ ಗ್ಲಾಸು ಎಣ್ಣೆ ನನ್ನ ಗಡ್ಡಕ್ಕೆ ಹೋಯಿತು. ಅದನ್ನೂ ಒಂದು ಎಂದು ಲೆಕ್ಕಕ್ಕೆ ಹಿಡಿದೆವು. ಆಮೇಲೆ ಬೋಲ್ಟಿನ ತೂತನ್ನು ಬೆರಳಿನಿಂದ ಒತ್ತಿ ಹಿಡಿದು, ಬಿಟ್ಟು, ಒಂದೊಂದೇ ಗ್ಲಾಸು ತುಂಬಿಸಿ ಪಕ್ಕದಿಂದ ಮೇಲೆ ಕೊಟ್ಟೆ. ಉಸ್ತಾದರು ಕ್ಯಾನಿನ ನೀರು ಚೆಲ್ಲಿ, ಅದಕ್ಕೆ ಸುರಿಯುತ್ತ ಎಣಿಸಿದರು. ಎರಡು ಹೆಂಡತಿಯವು, ಎರಡು ಮಾಮಾನವು, ಎರಡು ಅವ್ವನವು. ಆರಾದ ಮೇಲೆ ಬೋಲ್ಟು ಕೂಡಿಸಿ, ಮೇಲೆ ಬಂದು ಕಡ್ಡಿ ನೋಡಿದೆ. ಎಣ್ಣೆ ಇನ್ನೂ ಗೀಟಿನ ಮೇಲೇ ಇತ್ತು. ಮತ್ತೆ ಕೆಳಗೆ ಹೋದೆ. ಏಳು. ಎಂಟು. ಒಂಬತ್ತಕ್ಕೆ ಎದ್ದು ನೋಡಿದರೆ ಸರಿಯಾಗಿತ್ತು, ಬೋಲ್ಟು ಬಿಗಿಯಲು ಮತ್ತೆ ಕೆಳಗೆ ಸರಿದೆ.

"ಇನ್ನೂ ಮೂರು ಯಾರು ಹಾಕಿದ್ರು?" ಎಂದು ಕಾಲುವೆಯಿಂದಲೇ ಗುಡುಗಿದೆ. ಮೈಯೆಲ್ಲ ಎಣ್ಣೆ, ಬಾಯಲ್ಲಿ ಔಡಲದ ರುಚಿ. "ಇನ್ನೊಮ್ಮೆ ಫೋನ್ ಹಚ್ಚತೇನಿ. ಓಣಿಯಾಗ ಯಾರ್ಯಾರು ಹಾಕ್ಯಾರ ಎಲ್ಲಾರನ್ನೂ ಕೇಳತೇನಿ."

"ಬ್ಯಾಡ್ರಿ" ಎಂದರು ಉಸ್ತಾದರು. ನಾನು ಸರಿದು ಹೊರಗೆ ಬಂದೆ. ಅವರು ಸೀಟಿನ ಅಂಚಿನಲ್ಲಿ ಕೂತಿದ್ದರು. ಕಡ್ಡಿಯನ್ನು ಬಿಸಿಲಿಗೆ ಹಿಡಿದು, ಕಣ್ಣಿನ ಹತ್ತಿರಕ್ಕೆ ತಂದು, ದೂರ ಒಯ್ದು, ಮತ್ತೆ ಹತ್ತಿರ ತಂದು ನೋಡುತ್ತಿದ್ದರು.

"ಅವು ನನ್ನವು. ಬೆಳಿಗ್ಗೆ ನೀವು ಚಾ ಕುಡಿಯಾಕ ಹೋದಾಗ ಹಾಕಿದೆ. ಕಡ್ಡಿ ನೋಡಿದೆ, ಗೀಟು ಕಾಣಲಿಲ್ಲ. ಕಣ್ಣಿಗೆ ಪೊರಿ ಬಂದು ವರ್ಷ ಆತು. ಮನ್ಯಾಗೂ ಹೇಳಿಲ್ಲ. ಕಾಣೂದಿಲ್ಲ ಅಂದ್ರ ಇಂಜಿನ್ ಯಾರು ತರ್ತಾರ್ರಿ ನನ್ನ ಕಡೆ?" ಎಂದರು. ಕಡ್ಡಿಯನ್ನು ಕೆಳಗಿಳಿಸಿ, "ಕಡಿಮಿ ಆಗಬಾರದು ಅಂತ ಹಾಕಿದೆ. ಹುಲಗೂರು ಮುಟ್ಟಬೇಕಲ್ಲ" ಎಂದರು.

ಶಿಗ್ಗಾವಿಯ ತನಕ ಚೆನ್ನಾಗಿ ಬಂದ ಕಾರು ಆಮೇಲೆ ಯಾಕೆ ಕೆಟ್ಟಿತು ಎಂಬುದು ಈಗ ಇಬ್ಬರಿಗೂ ಗೊತ್ತಿತ್ತು. ಆರು ಗ್ಲಾಸು ತಡೆದುಕೊಂಡದ್ದು ಒಂಬತ್ತನ್ನು ತಡೆಯಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಬೈದದ್ದಕ್ಕೆ ನಾಚಿಕೆಯಾಯಿತು, ಅವರ ಕಣ್ಣಿಗಾಗಿ ದುಃಖವಾಯಿತು. ಅವರ ಟೂಲ್ ಚೀಲದಿಂದ ಮೂರು ಮೂಲೆಯ ಅರ ತೆಗೆದೆ. ಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಂಡು, ಗೀಟಿನಿಂದ ಒಂದು ಜೋಳದ ಕಾಳಿನಷ್ಟು ಮೇಲೆ ಉಜ್ಜಿ ಒಂದು ಕಚ್ಚು ಮಾಡಿದೆ. ಉಗುರಿಗೆ ಸಿಗುವಷ್ಟು. ಅವರು ಹೆಬ್ಬೆರಳಿನ ಉಗುರನ್ನು ಕಡ್ಡಿಯ ಉದ್ದಕ್ಕೂ ಎಳೆದರು. ಕಚ್ಚಿನಲ್ಲಿ ಉಗುರು ನಿಂತಿತು.

"ಸಿಕ್ತು" ಎಂದರು.

ಇನ್ನು ಇಂಜಿನ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಹಿಡಿಕೆಯನ್ನು ಅತ್ತರಿನ ಹತ್ತಿ ತೆಗೆದ ಕಿವಿಗೆ ಹಚ್ಚಿಕೊಂಡು ನನಗೆ ಕೈ ಮಾಡಿದರು. ಚಾವಿ ತಿರುವಿದೆ. ನಾನು ಮುಳ್ಳನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಒಂದು ಕಡೆ ಕೇಳಿದರು, ಇನ್ನೊಂದು ಕಡೆ ಕೇಳಿದರು, ಬಹಳ ಹೊತ್ತು ಕೇಳಿದರು. ಹತ್ತಿ ಬಿಡಿಸುವವರೂ ಹತ್ತಿರ ಬಂದು ಬಗ್ಗಿ ನಿಂತರು.

"ಒಂದೀಟು ನೊಂದೈತಿ" ಎಂದರು ಕೊನೆಗೆ. "ಆದ್ರ ಐತಿ. ಸಾವಕಾಶ ಹೊಡೀರಿ."

ಮೂವತ್ತರ ಮೇಲೆ ಹೋಗದೆ ಹುಲಗೂರಿಗೆ ಹೋದೆವು. ಒಂದು ಆಟೋ ನಮ್ಮನ್ನು ಹಿಂದೆ ಹಾಕಿತು, ಒಬ್ಬ ಹಾಲಿನವನ ಮೊಪೆಡ್ ಕೂಡ. ದರ್ಗಾದ ಮುಂದೆ ಸಕ್ಕರೆ, ಹೂವು ಮಾರುವವರೆಲ್ಲ ಎದ್ದು ನಿಂತು ನೋಡಿದರು. ನೋಡುವಂತೆಯೇ ಇತ್ತು: ಮಡಿಕೆ ಮುರಿಯದ ಬಿಳಿ ಜುಬ್ಬಾದ ಉಸ್ತಾದರು, ಪಕ್ಕದಲ್ಲಿ ಗಡ್ಡದಿಂದ ಪಂಚೆಯ ತನಕ ಕಪ್ಪು ಎಣ್ಣೆ ಸುರಿಯುವ ಡ್ರೈವರ್. ಉಸ್ತಾದರು ಇಳಿಯುವ ಅವಸರ ಮಾಡಲಿಲ್ಲ. ಎಲ್ಲರೂ ನೋಡಿ ಆಗುವ ತನಕ ಕೂತೇ ಇದ್ದರು.

ಸಂಜೆ ಮನೆಗೆ ಬಂದಾಗ ಮೂವರೂ ಶೆಡ್ಡಿನ ಮುಂದೆ ಸಾಲಾಗಿ ನಿಂತಿದ್ದರು. ನನ್ನ ಅವತಾರ ನೋಡಿ ಮಾಮಾ ಮುಖ ತಿರುಗಿಸಿ ನಕ್ಕ. ಹೆಂಡತಿ ಕ್ಯಾನನ್ನು ಎತ್ತಿ ತೂಗಿ ನೋಡಿದಳು. ಆಕೆಗೂ ಎಣಿಸಲು ಬರುತ್ತದೆ.

"ಎಷ್ಟು ಗ್ಲಾಸ್ ಬಂತ್ರಿ?"

"ಒಂಬತ್ತು."

"ನಾವು ಹಾಕಿದ್ದು ಆರು. ಉಳದ ಮೂರು ಯಾರವು?"

"ನನ್ನವು" ಎಂದೆ.

ಹೆಂಡತಿ ಕ್ಯಾನನ್ನು ಕೆಳಗಿಟ್ಟಳು. ಆಮೇಲೆ ಬೆಳಿಗ್ಗೆ ನಾನು ಫೋನಿನಲ್ಲಿ ಬೈದದ್ದನ್ನೆಲ್ಲ ಆಕೆ ಒಂದಕ್ಷರ ಬಿಡದೆ ನನಗೆ ತಿರುಗಿ ಹೇಳಿದಳು. ಮಾಮಾ ನಡುನಡುವೆ ಹೌದು ಹೌದು ಎಂದ. ಅವ್ವ ಮಾತ್ರ ಹತ್ತಿರ ಬಂದು, ಸೆರಗಿನಿಂದ ನನ್ನ ಗಡ್ಡ ಒರೆಸುತ್ತ, "ಇರಲಿ ಬಿಡು, ನಿನಗೂ ಮನಸು ತಡೀಲಿಲ್ಲ" ಎಂದಳು.

ಈಗ ಓಣಿಯಲ್ಲಿ, ಹಿರೇಕೆರೂರಿನ ತವರಿನಲ್ಲಿ, ನನ್ನ ಅಂಗಡಿಗೆ ಬರುವ ರೈತರಲ್ಲಿ ಆ ಮೂರು ಗ್ಲಾಸಿನ ಕಥೆ ಗೊತ್ತಿಲ್ಲದವರಿಲ್ಲ. ಮೋಟಾರು ಕೊಟ್ಟು ಹೋಗುವಾಗ "ಸುತ್ತು ಎಣಿಸಿ ಹಾಕ್ರಿ ಮತ್ತ" ಎಂದು ನಗುತ್ತಾರೆ. ಶಿಗ್ಗಾವಿಯ ಶೆಡ್ಡಿಗೆ ಇಂಜಿನ್ನುಗಳು ಬರುತ್ತಲೇ ಇವೆ. ನನ್ನ ತಪ್ಪನ್ನು ನಾನು ಒಪ್ಪಿಕೊಂಡದ್ದು ನನ್ನ ಹೆಂಡತಿ ಕಂಡಿರುವುದು ಜೀವನದಲ್ಲಿ ಅದೊಂದೇ ಸಲ, ಅದೂ ನನ್ನದಲ್ಲದ ತಪ್ಪು.